ಸಿಗರೇಟ್ ಬಿಡಿಸುವ ಮಾತ್ರೆ, ಮನಸ್ಸಿನ ಮೇಲೆ ಅದರ ಪರಿಣಾಮ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ. ಸಿಗರೇಟ್ ಬಿಡುವ ಮಾತ್ರೆಯ ಚೀಟಿ ಹಿಡಿದು ಬರುವವರಲ್ಲಿ ಬಹಳ ಜನ ಮಾತ್ರೆ ತಗೊಳ್ಳುವ ಮುಂಚೆ ದನಿ ತಗ್ಗಿಸಿ ಒಂದು ಪ್ರಶ್ನೆ ಕೇಳುತ್ತಾರೆ: "ಇದನ್ನ ತಗೊಂಡ್ರೆ ತಲೆ ಕೆಡುತ್ತಂತೆ, ಹೌದಾ?" ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬಂದಿತ್ತು. ನಮ್ಮ ಅಣ್ಣ 22 ವರ್ಷ ಸಿಗರೇಟ್ ಸೇದಿ, ಇದೇ ಮಾತ್ರೆ ತಗೊಂಡು ಬಿಟ್ಟವನು. ಕೌಂಟರ್‌ನಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಇದು ನಿಮ್ಮ ಡಾಕ್ಟರ ಮಾತಿಗೆ ಬದಲಿ ಅಲ್ಲ. ಅವರ ಹತ್ತಿರ ಏನು ಕೇಳಬೇಕು ಅಂತ ತಿಳಿಯಲು ಓದಿಕೊಳ್ಳಿ.

ಯಾವ ಔಷಧಿಗಳ ಬಗ್ಗೆ ಈ ಭಯ?

ಮುಖ್ಯವಾಗಿ ಎರಡು. ಒಂದು ವರೆನಿಕ್ಲಿನ್. ಅಮೆರಿಕದಲ್ಲಿ ಚಾಂಟಿಕ್ಸ್, ಬೇರೆ ಕಡೆ ಚಾಂಪಿಕ್ಸ್ ಅನ್ನುವ ಹೆಸರಲ್ಲಿ ಫೈಜರ್ ಕಂಪನಿ ತಂದ ಮಾತ್ರೆ. ಇನ್ನೊಂದು ಬುಪ್ರೊಪಿಯಾನ್. ಇದು ಮೊದಲು ಖಿನ್ನತೆಗೆಂದೇ ಬಂದ ಔಷಧಿ, ಆಮೇಲೆ ಸಿಗರೇಟ್ ಬಿಡಿಸಲೂ ಕೊಡಲು ಶುರು ಮಾಡಿದರು. ನಿಕೋಟಿನ್ ಗಮ್ಮು, ಪ್ಯಾಚು ಇವುಗಳ ಬಗ್ಗೆ ಅಷ್ಟು ಭಯ ಇಲ್ಲ. ಆದರೂ ಅವುಗಳ ಬಗ್ಗೆ ಕೆಳಗೆ ಒಂದು ಮಾತಿದೆ.

ವರೆನಿಕ್ಲಿನ್ ತಲೆಯೊಳಗೆ ಏನು ಮಾಡುತ್ತದೆ?

ಸಿಗರೇಟ್ ಎಳೆದ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್ ಮಿದುಳು ಸೇರುತ್ತದೆ. ಅಲ್ಲಿ ಅದಕ್ಕೆ ಹೊಂದುವ ಬೀಗಗಳಿವೆ. ಬೀಗ ತೆರೆದರೆ ಡೋಪಮಿನ್ ಎಂಬ ರಾಸಾಯನಿಕ ಹರಿಯುತ್ತದೆ, ಮನಸ್ಸಿಗೆ ಹಾಯೆನಿಸುತ್ತದೆ. ವರೆನಿಕ್ಲಿನ್ ಅದೇ ಬೀಗಕ್ಕೆ ಹೋಗಿ ಕೂರುವ, ಆದರೆ ಅರ್ಧ ಮಾತ್ರ ತಿರುಗುವ ಕೀಲಿಕೈ. ಸ್ವಲ್ಪ ಡೋಪಮಿನ್ ಬರುವುದರಿಂದ ಚಪಲ ತಗ್ಗುತ್ತದೆ. ಜಾಗ ಮೊದಲೇ ಭರ್ತಿ ಆಗಿರುವುದರಿಂದ, ನಡುವೆ ಒಂದು ಸಿಗರೇಟ್ ಸೇದಿದರೂ ಮೊದಲಿನ ಮಜಾ ಸಿಗುವುದಿಲ್ಲ. "ಹುಲ್ಲು ಸುಟ್ಟು ಎಳೆದ ಹಾಗಿದೆ" ಅಂದಿದ್ದ ನಮ್ಮಣ್ಣ.

ಮನಸ್ಸಿನ ಸಂತೋಷ, ಬೇಸರ, ನಿದ್ದೆ ಎಲ್ಲವೂ ನಡೆಯುವ ಜಾಗದಲ್ಲೇ ಕೆಲಸ ಮಾಡುವ ಔಷಧಿ ಇದು. ಹಾಗಾಗಿ ಮನಸ್ಸಿಗೆ ಏನಾದರೂ ಆದೀತಾ ಅಂತ ಕೇಳುವುದು ಸರಿಯಾದ ಪ್ರಶ್ನೆಯೇ. ಕೇಳಿದವರನ್ನು "ಸುಮ್ನೆ ಹೆದರ್ಬೇಡಿ" ಅಂತ ಕಳಿಸಿಬಿಡುವುದು ತಪ್ಪು.

ಈ ಮಾತ್ರೆಯಿಂದ ಆತ್ಮಹತ್ಯೆಯ ಯೋಚನೆ ಬರುತ್ತದೆ ಅಂತ ಓದಿದೆ. ಇದು ಎಲ್ಲಿಂದ ಬಂತು?

ಸುಳ್ಳು ಸುದ್ದಿಯಿಂದ ಬಂದದ್ದಲ್ಲ. ಅಮೆರಿಕದ ಔಷಧ ಇಲಾಖೆ, ಅಂದರೆ ಎಫ್‌ಡಿಎ, 2006ರ ಮೇ ತಿಂಗಳಲ್ಲಿ ವರೆನಿಕ್ಲಿನ್‌ಗೆ ಒಪ್ಪಿಗೆ ಕೊಟ್ಟಿತು. ಮುಂದಿನ ವರ್ಷವೇ ದೂರುಗಳು ಬರತೊಡಗಿದವು. ಮಾತ್ರೆ ತಗೊಂಡವರಲ್ಲಿ ಕೆಲವರಿಗೆ ಸಿಟ್ಟು, ಚಡಪಡಿಕೆ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಕಾಣಿಸಿತ್ತು. ಕೆಲವರು ಜೀವವನ್ನೂ ಕಳೆದುಕೊಂಡಿದ್ದರು. 2007ರ ನವೆಂಬರ್‌ನಲ್ಲಿ ಎಫ್‌ಡಿಎ ಮೊದಲ ಬಾರಿ ಇದನ್ನು ಪರಿಶೀಲಿಸುತ್ತಿದ್ದೇವೆ ಎಂದಿತು. 2008ರ ಮೇನಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಈ ಮಾತ್ರೆಯನ್ನೇ ನಿಷೇಧಿಸಿತು. 2009ರ ಜುಲೈ 1ರಂದು ವರೆನಿಕ್ಲಿನ್, ಬುಪ್ರೊಪಿಯಾನ್ ಎರಡರ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂತು. ಅಲ್ಲಿ ಒಂದು ಔಷಧಿಗೆ ಕೊಡುವ ಅತಿ ಕಠಿಣ ಎಚ್ಚರಿಕೆ ಅದು.

ಇವತ್ತಿಗೂ ನೆಟ್‌ನಲ್ಲಿ ಹುಡುಕಿದರೆ ಆ ದಿನಗಳ ಸುದ್ದಿಗಳೇ ಮೊದಲು ಸಿಗುತ್ತವೆ. ಆಮೇಲೆ ಏನಾಯಿತು ಅನ್ನುವುದು ಅಷ್ಟು ಹರಡಲಿಲ್ಲ.

ಆಮೇಲೆ ಏನಾಯಿತು?

ಇಂಥ ದೂರುಗಳಲ್ಲಿ ಒಂದು ತೊಡಕಿದೆ. ಮಾತ್ರೆ ತಗೊಂಡವರೆಲ್ಲ ಅದೇ ವೇಳೆಗೆ ಸಿಗರೇಟನ್ನೂ ಬಿಡುತ್ತಿದ್ದರು. ತೊಂದರೆ ಕೊಟ್ಟದ್ದು ಮಾತ್ರೆಯೋ, ಸಿಗರೇಟ್ ಬಿಟ್ಟದ್ದೋ ಅಂತ ದೂರಿನಿಂದ ತಿಳಿಯುವುದಿಲ್ಲ. ಅದಕ್ಕೆ ಸಕ್ಕರೆ ಮಾತ್ರೆ, ಅಂದರೆ ಔಷಧಿಯೇ ಇಲ್ಲದ ಹುಸಿ ಮಾತ್ರೆ, ಕೊಟ್ಟ ಗುಂಪಿನ ಜೊತೆ ಹೋಲಿಸಿ ನೋಡಬೇಕು. ಎಫ್‌ಡಿಎ ಕಂಪನಿಗಳಿಗೆ ಅದನ್ನೇ ಮಾಡಿ ತೋರಿಸಿ ಅಂದಿತು. ಆ ಅಧ್ಯಯನದ ಹೆಸರು ಈಗಲ್ಸ್. 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

16 ದೇಶಗಳ 8 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಅವರಲ್ಲಿ ಸುಮಾರು ಅರ್ಧ ಜನಕ್ಕೆ ಮೊದಲೇ ಮಾನಸಿಕ ಕಾಯಿಲೆ ಇತ್ತು. ಅಂಥವರನ್ನು ಬೇಕಂತಲೇ ಸೇರಿಸಿದ್ದರು. ವರೆನಿಕ್ಲಿನ್, ಬುಪ್ರೊಪಿಯಾನ್, ನಿಕೋಟಿನ್ ಪ್ಯಾಚ್, ಸಕ್ಕರೆ ಮಾತ್ರೆ ಅಂತ ನಾಲ್ಕು ಗುಂಪು. 12 ವಾರ ಔಷಧಿ, ಮತ್ತೆ 12 ವಾರ ನಿಗಾ. ಯಾರಿಗೆ ಯಾವುದು ಸಿಕ್ಕಿದೆ ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಮಾನಸಿಕ ಕಾಯಿಲೆ ಇಲ್ಲದವರಲ್ಲಿ ಮನಸ್ಸಿನ ಗಂಭೀರ ತೊಂದರೆ ಕಂಡದ್ದು ವರೆನಿಕ್ಲಿನ್ ಗುಂಪಿನಲ್ಲಿ ಶೇ. 1.3, ಬುಪ್ರೊಪಿಯಾನ್‌ನಲ್ಲಿ ಶೇ. 2.2, ಪ್ಯಾಚ್‌ನಲ್ಲಿ ಶೇ. 2.5, ಸಕ್ಕರೆ ಮಾತ್ರೆಯಲ್ಲಿ ಶೇ. 2.4. ಅಂದರೆ ಏನೂ ಔಷಧಿ ಇಲ್ಲದ ಮಾತ್ರೆ ತಿಂದವರಿಗೂ ಹೆಚ್ಚುಕಮ್ಮಿ ಅಷ್ಟೇ ತೊಂದರೆ ಆಯಿತು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲಿ ಎಲ್ಲ ಗುಂಪಿನಲ್ಲೂ ತೊಂದರೆ ಜಾಸ್ತಿ ಇತ್ತು: ಇದೇ ಕ್ರಮದಲ್ಲಿ ಶೇ. 6.5, 6.7, 5.2 ಮತ್ತು 4.9. ಔಷಧಿಯಿಂದಲೇ ಜಾಸ್ತಿ ಆಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಅಲ್ಲೂ ಸಿಗಲಿಲ್ಲ. ಇಡೀ ಅಧ್ಯಯನದಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡರು. ಅವರು ಸಕ್ಕರೆ ಮಾತ್ರೆಯ ಗುಂಪಿನವರು.

2016ರ ಡಿಸೆಂಬರ್‌ನಲ್ಲಿ ಎಫ್‌ಡಿಎ ಆ ಕಪ್ಪು ಚೌಕಟ್ಟನ್ನು ತೆಗೆಯಿತು. ಮಾತ್ರೆಯ ಜೊತೆ ಬರುವ ಹಾಳೆಯಲ್ಲಿ ಮನಸ್ಸಿನ ಬದಲಾವಣೆಗಳ ಬಗ್ಗೆ ಬರೆದದ್ದು ಈಗಲೂ ಇದೆ. ಅದು ಇರಬೇಕಾದದ್ದೇ.

ದುಡ್ಡು ಹಾಕಿದ್ದು ಔಷಧಿ ಕಂಪನಿಯೇ ಅಲ್ವಾ? ಹೇಗೆ ನಂಬುವುದು?

ಹೌದು. ಫೈಜರ್ ಮತ್ತು ಗ್ಲಾಕ್ಸೋ ಸ್ಮಿತ್‌ಕ್ಲೈನ್ ದುಡ್ಡು ಹಾಕಿದ್ದವು. ನನಗೂ ಮೊದಲು ಬಂದ ಅನುಮಾನ ಇದೇ. ಆದರೆ ಅಧ್ಯಯನ ಮಾಡಿಸಿದ್ದು ಎಫ್‌ಡಿಎ ಒತ್ತಾಯದಿಂದ. ಅದೊಂದನ್ನೇ ನಂಬಿ ಕೂರಬೇಕಾಗಿಯೂ ಇಲ್ಲ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು, ಸಿಗರೇಟ್ ಬಿಡಲು ಔಷಧಿ ತಗೊಂಡ ಸುಮಾರು 1 ಲಕ್ಷದ 20 ಸಾವಿರ ಜನರ ದವಾಖಾನೆ ದಾಖಲೆ ತೆಗೆದು ನೋಡಿದರು. ನಿಕೋಟಿನ್ ಗಮ್ಮು, ಪ್ಯಾಚು ತಗೊಂಡವರಿಗಿಂತ ವರೆನಿಕ್ಲಿನ್ ತಗೊಂಡವರಲ್ಲಿ ಆತ್ಮಹತ್ಯೆಯಾಗಲಿ, ತಮಗೆ ತಾವೇ ಗಾಯ ಮಾಡಿಕೊಳ್ಳುವುದಾಗಲಿ ಜಾಸ್ತಿ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಇನ್ನೊಂದು ಮಾತು ಮುಚ್ಚಿಡಬಾರದು. ಈಗಲ್ಸ್‌ಗೆ ಸೇರಿಸಿಕೊಂಡದ್ದು ಕಾಯಿಲೆ ಹತೋಟಿಯಲ್ಲಿದ್ದವರನ್ನು. ಕಾಯಿಲೆ ಉಲ್ಬಣಿಸಿದ್ದವರು, ಆತ್ಮಹತ್ಯೆಯ ಅಪಾಯ ಎದುರಿಗೇ ಇದ್ದವರು ಅದರಲ್ಲಿ ಇರಲಿಲ್ಲ. ಹಾಗಾಗಿ ಅಂಥ ಸ್ಥಿತಿಯಲ್ಲಿರುವವರಿಗೆ ಈ ಅಂಕಿ ತೋರಿಸಿ ಧೈರ್ಯ ಹೇಳುವುದು ಸರಿಯಲ್ಲ. ಸರಾಸರಿ ಲೆಕ್ಕದಲ್ಲಿ ಅಪಾಯ ಕಡಿಮೆ ಅಂದ ಮಾತ್ರಕ್ಕೆ ನಿಮಗೆ ಆಗುತ್ತಿರುವ ಸಂಕಟ ಸುಳ್ಳು ಅಂತಲೂ ಅಲ್ಲ.

ಸಿಡುಕು, ಬೇಸರ ಬಂದರೆ ಅದು ಮಾತ್ರೆಯಿಂದಲೋ, ಸಿಗರೇಟ್ ಬಿಟ್ಟದ್ದರಿಂದಲೋ? ಹೇಗೆ ಗೊತ್ತಾಗುತ್ತದೆ?

ಬಿಡಿಸಿ ಹೇಳುವುದು ಕಷ್ಟ. ಆದರೆ ಸುಳಿವುಗಳಿವೆ.

ಸಿಗರೇಟ್ ನಿಂತ ಒಂದು ದಿನದೊಳಗೆ ಚಡಪಡಿಕೆ ಶುರುವಾಗುತ್ತದೆ. ಸಿಟ್ಟು, ಆತಂಕ, ನಿದ್ದೆಗೇಡು, ಮಂಕು, ಯಾವುದರಲ್ಲೂ ಗಮನ ನಿಲ್ಲದಿರುವುದು, ಸಿಕ್ಕಾಪಟ್ಟೆ ಹಸಿವು. ಮೊದಲ ವಾರದಲ್ಲಿ ಅತಿ ಜೋರು, ಮೂರು ನಾಲ್ಕು ವಾರದಲ್ಲಿ ಇಳಿಯುತ್ತಾ ಬರುತ್ತದೆ. ಇದು ಮಾತ್ರೆ ಇಲ್ಲದೆ ಬಿಟ್ಟವರಿಗೂ ಆಗುವಂಥದ್ದು.

ವರೆನಿಕ್ಲಿನ್ ಶುರು ಮಾಡಿದ ಮೊದಲ ವಾರ ಸಿಗರೇಟ್ ಸೇದಲು ಅಡ್ಡಿಯಿಲ್ಲ. ಮೂರು ದಿನ ದಿನಕ್ಕೊಂದು 0.5 ಮಿಲಿಗ್ರಾಂ, ಆಮೇಲೆ ನಾಲ್ಕು ದಿನ ದಿನಕ್ಕೆರಡು, ಎಂಟನೇ ದಿನದಿಂದ 1 ಮಿಲಿಗ್ರಾಂ ದಿನಕ್ಕೆರಡು. ಸಾಮಾನ್ಯವಾಗಿ ಸಿಗರೇಟ್ ಬಿಡುವ ದಿನವೂ ಆ ಎಂಟನೆಯದೇ. ಸಿಗರೇಟ್ ಇನ್ನೂ ನಡೆಯುತ್ತಿದ್ದಾಗಲೇ ಮನಸ್ಸು ಹದಗೆಟ್ಟರೆ ಮಾತ್ರೆಯ ಮೇಲೆ ಅನುಮಾನ ಪಡಬಹುದು. ಬಿಟ್ಟ ಎರಡನೇ ದಿನ ಹೆಂಡತಿ ಮೇಲೆ ರೇಗಿದರೆ ಅದು ಬಹುಮಟ್ಟಿಗೆ ನಿಕೋಟಿನ್ ಇಲ್ಲದ ಸಂಕಟ. ಒಂದು ತಿಂಗಳಾದ ಮೇಲೂ ಬೇಸರ ಇಳಿಯದೆ ಏರುತ್ತಲೇ ಇದ್ದರೆ ಎರಡನ್ನೂ ಬಿಟ್ಟು ಖಿನ್ನತೆ ಇರಬಹುದಾ ಅಂತಲೂ ನೋಡಬೇಕು.

ನಮ್ಮ ಅತ್ತಿಗೆ ಒಂದು ಉಪಾಯ ಮಾಡಿದ್ದರು. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್‌ನಲ್ಲಿ, ಹಾಲಿನ ಲೆಕ್ಕ ಬರೆಯುವ ಪಕ್ಕದಲ್ಲೇ, ದಿನಕ್ಕೊಂದು ಅಕ್ಷರ. ಸಿಡುಕಿದರೆ "ಸಿ", ನಿದ್ದೆ ಕೆಟ್ಟರೆ "ನಿ", ಮಂಕಾಗಿದ್ದರೆ "ಮಂ", ಚೆನ್ನಾಗಿದ್ದರೆ ಒಂದು ಚುಕ್ಕೆ. ಬರೆಯಲು ಶುರು ಮಾಡಿದ್ದು ಮಾತ್ರೆ ತಗೊಳ್ಳುವ ಹತ್ತು ದಿನ ಮುಂಚೆ. ಆ ಹತ್ತು ದಿನದಲ್ಲೇ ನಾಲ್ಕು "ಸಿ" ಇದ್ದವು! ಮಾತ್ರೆ ಶುರುವಾದ ಮೇಲಷ್ಟೇ ಬರೆದಿದ್ದರೆ ಅವೂ ಮಾತ್ರೆಯ ಲೆಕ್ಕಕ್ಕೇ ಹೋಗುತ್ತಿದ್ದವು. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೇ ಹರಿದುಕೊಂಡು ಹೋದರು. ನಾನೀಗ ಮಾತ್ರೆ ಕೊಡುವಾಗ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ವಿಚಿತ್ರ ಕನಸು ಬೀಳುತ್ತವಂತೆ?

ಬೀಳುತ್ತವೆ. ವರೆನಿಕ್ಲಿನ್ ತಗೊಂಡವರು ಹೊಟ್ಟೆ ತೊಳಸುವುದರ ಜೊತೆ ಹೆಚ್ಚಾಗಿ ಹೇಳುವ ತೊಂದರೆಗಳಲ್ಲಿ ಇದೂ ಒಂದು. ಅಣ್ಣ ಎರಡನೇ ವಾರದಲ್ಲಿ ಬೆಳಗಿನ ಜಾವ ಮೂರಕ್ಕೆ ಎದ್ದು ಕೂತಿದ್ದ. "ಕನಸಲ್ಲಿ ಅಜ್ಜಿ ಹಿತ್ತಲಲ್ಲಿ ಹಲಸಿನಹಣ್ಣು ಬಿಡಿಸ್ತಿದ್ರು ಕಣೇ. ಕೈಗೆ ಎಣ್ಣೆ ಸವರಿಕೊಂಡಿದ್ದು ಕೂಡ ಕಾಣ್ತು. ಎದ್ದ ಮೇಲೂ ಹಣ್ಣಿನ ವಾಸನೆ ಬಂದ ಹಾಗಿತ್ತು" ಅಂದ. ಕನಸು ಅಷ್ಟು ನಿಚ್ಚಳ. ಎಲ್ಲರಿಗೂ ಅಜ್ಜಿಯೇ ಬರುವುದಿಲ್ಲ, ಕೆಲವರಿಗೆ ಹೆದರಿಕೆಯ ಕನಸೂ ಬೀಳುತ್ತವೆ.

ಕನಸು ಬಿತ್ತು ಅಂದರೆ ಹುಚ್ಚು ಹಿಡಿಯಿತು ಅಂತಲ್ಲ. ಎರಡನೇ ಮಾತ್ರೆಯನ್ನು ಮಲಗುವ ಹೊತ್ತಿಗೆ ತಗೊಳ್ಳುವ ಬದಲು ಸಂಜೆ ಬೇಗ ತಗೊಂಡರೆ ಬಹಳ ಜನಕ್ಕೆ ಕಮ್ಮಿಯಾಗುತ್ತದೆ. ಡಾಕ್ಟರನ್ನು ಕೇಳಿ ಹೊತ್ತು ಬದಲಿಸಿ. ಹೊಟ್ಟೆ ತೊಳಸುವುದಕ್ಕೆ ಮದ್ದು ಇನ್ನೂ ಸುಲಭ: ಊಟವಾದ ಮೇಲೆ, ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ.

ಕಳವಳ ಪಡಬೇಕಾದದ್ದು ಬೇರೆ. ಎಚ್ಚರವಾಗಿದ್ದಾಗಲೇ ಇಲ್ಲದ ದನಿ ಕೇಳುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಅನಿಸುವುದು. ಅದು ಕನಸಿನ ಬಾಬತ್ತಲ್ಲ. ಅವತ್ತೇ ಡಾಕ್ಟರನ್ನು ಕಾಣಬೇಕು.

ನನಗೆ ಮೊದಲೇ ಖಿನ್ನತೆ, ಬೈಪೋಲಾರ್ ಅಥವಾ ಸ್ಕಿಜೋಫ್ರೀನಿಯಾ ಇದೆ. ತಗೊಳ್ಳಬಹುದಾ?

ಕಾಯಿಲೆ ಹತೋಟಿಯಲ್ಲಿದ್ದರೆ ಬಹಳ ಜನರಿಗೆ ಕೊಡುತ್ತಾರೆ. ಆದರೆ ನಿಮ್ಮ ಮನೋವೈದ್ಯರಿಗೆ ಗೊತ್ತಿಲ್ಲದೆ ಬೇಡ. ಅಣ್ಣನಿಗೆ ಹಿಂದೊಮ್ಮೆ ಖಿನ್ನತೆ ಆಗಿತ್ತು. ಮೊದಲು ಮಾತ್ರೆ ಬರೆದುಕೊಟ್ಟ ಡಾಕ್ಟರು ಅದರ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಇವನೂ ಹೇಳಿರಲಿಲ್ಲ. ಚೀಟಿ ನೋಡಿ ನಾನೇ ವಾಪಸ್ ಕಳಿಸಿದೆ. ಸಿಗರೇಟ್ ಬಿಡಿಸಲು ಹೋದಾಗ ಹಳೆಯ ಮಾನಸಿಕ ಕಾಯಿಲೆಯ ವಿಷಯ ಯಾಕೆ ಎತ್ತಬೇಕು ಅಂತ ನಮ್ಮವರು ಮುಚ್ಚಿಡುತ್ತಾರೆ. ದಯವಿಟ್ಟು ಹೇಳಿ. ಕೇಳದಿದ್ದರೂ ಹೇಳಿ.

ಇಲ್ಲಿ ಇನ್ನೊಂದು ಅಪಾಯ ಇದೆ. ಇದಕ್ಕೂ ಸಿಗರೇಟ್ ಬಿಡಿಸುವ ಮಾತ್ರೆಗೂ ಸಂಬಂಧವಿಲ್ಲ. ಸಿಗರೇಟ್ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನು ಚುರುಕು ಮಾಡುತ್ತವೆ. ಆ ಕಿಣ್ವ ಕ್ಲೋಜಪಿನ್, ಒಲಾಂಜಪಿನ್ ಎಂಬ ಮಾನಸಿಕ ಕಾಯಿಲೆಯ ಔಷಧಿಗಳನ್ನು ಬೇಗ ಖಾಲಿ ಮಾಡುತ್ತದೆ. ಹಾಗಾಗಿ ಸೇದುವವರಿಗೆ ಜಾಸ್ತಿ ಡೋಸ್ ಬೇಕಾಗಿರುತ್ತದೆ. ಸಿಗರೇಟ್ ಬಿಟ್ಟ ಕೆಲವೇ ದಿನಕ್ಕೆ ಕಿಣ್ವ ನಿಧಾನವಾಗುತ್ತದೆ. ಅದೇ ಡೋಸ್ ಈಗ ರಕ್ತದಲ್ಲಿ ಜಾಸ್ತಿಯಾಗುತ್ತದೆ. ತೂಕಡಿಕೆ, ತಲೆಸುತ್ತು, ಕ್ಲೋಜಪಿನ್‌ನಲ್ಲಿ ಫಿಟ್ಸ್ ಕೂಡ ಬರಬಹುದು. ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಆದ್ದರಿಂದ ಪ್ಯಾಚ್ ಹಾಕಿಕೊಂಡರೂ ತಪ್ಪುವುದಿಲ್ಲ. ಈ ಔಷಧಿ ತಗೊಳ್ಳುವವರು ಸಿಗರೇಟ್ ಬಿಡುವ ದಿನವನ್ನು ಡಾಕ್ಟರಿಗೆ ಮೊದಲೇ ತಿಳಿಸಿ. ಡೋಸ್ ನೀವೇ ಇಳಿಸಬೇಡಿ.

ಕಾಫಿಗೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ! ಕೆಫೀನನ್ನು ಕರಗಿಸುವುದೂ ಅದೇ ಕಿಣ್ವ. ಸಿಗರೇಟ್ ಬಿಟ್ಟ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡು ಪಟ್ಟು ಆಗಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ. ಜನ ಬೈಯುವುದು ಮಾತ್ರೆಯನ್ನು. ಅಣ್ಣ ದಿನಕ್ಕೆ ಆರು ಲೋಟ ಫಿಲ್ಟರ್ ಕಾಫಿ ಕುಡಿಯುವವನು. ಮೂರಕ್ಕೆ ಇಳಿಸಿದ ಮೇಲೆ ಕ್ಯಾಲೆಂಡರ್‌ನಲ್ಲಿ "ನಿ" ಕಮ್ಮಿಯಾದವು.

ಬುಪ್ರೊಪಿಯಾನ್ ಬಗ್ಗೆ ಹೇಳಿ.

ಇದರಲ್ಲಿ ನಿದ್ದೆಗೇಡು, ಬಾಯಿ ಒಣಗುವುದು, ಚಡಪಡಿಕೆ ಸಾಮಾನ್ಯ. ದಿನಕ್ಕೆ ಎರಡು ಮಾತ್ರೆ ಇದ್ದರೆ ನಡುವೆ ಕನಿಷ್ಠ 8 ಗಂಟೆ ಬಿಡಬೇಕು, ಎರಡನೆಯದನ್ನು ಮಲಗುವ ಹೊತ್ತಿಗೆ ತಗೊಳ್ಳಬಾರದು. ಮಾತ್ರೆ ಮುರಿಯಬೇಡಿ, ಅಗಿಯಬೇಡಿ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆ ಅದು.

ಇದರ ದೊಡ್ಡ ಅಪಾಯ ಫಿಟ್ಸ್. ದಿನಕ್ಕೆ 300 ಮಿಲಿಗ್ರಾಂ ತಗೊಳ್ಳುವವರಲ್ಲಿ ಸುಮಾರು ಸಾವಿರಕ್ಕೆ ಒಬ್ಬರಿಗೆ. ಡೋಸ್ ಏರಿದಷ್ಟೂ ಅಪಾಯ ಏರುತ್ತದೆ. 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಈ ಔಷಧಿಯನ್ನು ಮರುವರ್ಷವೇ ಫಿಟ್ಸ್ ಕಾರಣಕ್ಕೆ ಹಿಂದಕ್ಕೆ ಪಡೆದಿದ್ದರು. 1989ರಲ್ಲಿ ಕಡಿಮೆ ಡೋಸಿನಲ್ಲಿ ಮತ್ತೆ ಬಂತು. ಫಿಟ್ಸ್ ಇರುವವರು, ಊಟ ಬಿಟ್ಟು ಸೊರಗುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆ ಇರುವವರು, ಕುಡಿತವನ್ನೋ ನಿದ್ದೆ ಮಾತ್ರೆಯನ್ನೋ ದಿಢೀರ್ ನಿಲ್ಲಿಸುತ್ತಿರುವವರು ಇದನ್ನು ತಗೊಳ್ಳಬಾರದು. ಬೈಪೋಲಾರ್ ಇರುವವರಲ್ಲಿ ಉನ್ಮಾದ ಕೆರಳಬಹುದು. ಖಿನ್ನತೆಯ ಔಷಧಿಗಳಿಗೆಲ್ಲ ಇರುವಂತೆ, 24 ವರ್ಷದೊಳಗಿನವರಲ್ಲಿ ಆತ್ಮಹತ್ಯೆಯ ಯೋಚನೆ ಬರಬಹುದೆಂಬ ಕಪ್ಪು ಚೌಕಟ್ಟಿನ ಎಚ್ಚರಿಕೆ ಇದಕ್ಕೆ ಇವತ್ತಿಗೂ ಇದೆ; 2016ರಲ್ಲಿ ತೆಗೆದದ್ದು ಸಿಗರೇಟ್ ಬಿಡುವವರ ಬಗ್ಗೆ ಹಾಕಿದ್ದ ಎಚ್ಚರಿಕೆಯನ್ನು ಮಾತ್ರ.

ನಿಕೋಟಿನ್ ಗಮ್ಮು, ಪ್ಯಾಚಿಗೆ ಇಂಥ ತೊಂದರೆ ಇಲ್ವಾ?

ಕಡಿಮೆ. ರಾತ್ರಿ ಪ್ಯಾಚ್ ಹಾಕಿಕೊಂಡೇ ಮಲಗಿದರೆ ನಿದ್ದೆ ಕೆಡಬಹುದು, ಕನಸು ಬೀಳಬಹುದು. ಹಾಗಾದರೆ ಮಲಗುವಾಗ ತೆಗೆದಿಡಿ.

ಮಾತ್ರೆ ತಗೊಳ್ಳುವಾಗ ಕುಡಿಯಬಹುದಾ?

ಬೇಡ ಅನ್ನುತ್ತೇನೆ. ವರೆನಿಕ್ಲಿನ್ ಜೊತೆ ಕುಡಿದಾಗ ಕೆಲವರಿಗೆ ನಶೆ ವಿಪರೀತ ಏರಿದ್ದು, ಹೊಡೆದಾಟಕ್ಕಿಳಿದದ್ದು, ಮರುದಿನ ಏನೂ ನೆನಪಿಲ್ಲದ್ದು ವರದಿಯಾಗಿ 2015ರಲ್ಲಿ ಎಫ್‌ಡಿಎ ಪ್ರತ್ಯೇಕ ಎಚ್ಚರಿಕೆ ಕೊಟ್ಟಿತು. ದಿನಾ ಜಾಸ್ತಿ ಕುಡಿಯುವವರು ಅದನ್ನೂ ಒಂದೇ ಸಲ ನಿಲ್ಲಿಸಲು ಹೋಗಬಾರದು, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ಡಾಕ್ಟರಿಗೆ ನಿಜವಾದ ಲೆಕ್ಕ ಹೇಳಿ.

ಗಾಡಿ ಓಡಿಸಬಹುದಾ?

ಮೊದಲ ಕೆಲವು ದಿನ ತಲೆಸುತ್ತು, ತೂಕಡಿಕೆ ಇದೆಯಾ ನೋಡಿಕೊಳ್ಳಿ. ಇದ್ದರೆ ಓಡಿಸಬೇಡಿ. ಲಾರಿ, ಬಸ್ ಓಡಿಸುವವರು ಡಾಕ್ಟರಿಗೆ ತಮ್ಮ ಕೆಲಸ ಏನು ಅಂತ ಹೇಳಿಯೇ ಮಾತ್ರೆ ಬರೆಸಿಕೊಳ್ಳಿ.

ಮನೆಯವರು ಏನನ್ನು ಗಮನಿಸಬೇಕು?

ತೊಂದರೆ ಶುರುವಾದವರಿಗೆ ತಮಗೇ ಅದು ಕಾಣದೇ ಇರಬಹುದು. ಮನೆಯವರಿಗೆ ಮೊದಲು ಕಾಣುತ್ತದೆ. ಸಿಡುಕುವುದು ಒಂದು ಮಟ್ಟಕ್ಕೆ ಸಹಜ. ಆ ಮನುಷ್ಯ ಆ ಮನುಷ್ಯನ ಹಾಗೇ ಇಲ್ಲ ಅನ್ನಿಸಿದರೆ ಎಚ್ಚರವಾಗಿ. ಎರಡು ರಾತ್ರಿ ನಿದ್ದೆ ಇಲ್ಲದೆಯೂ ಸುಸ್ತಾಗದೆ ಒಂದೇ ಸಮನೆ ಮಾತಾಡುವುದು, ಊಟ ಬಿಟ್ಟು ಮೂಲೆ ಸೇರುವುದು, ಕೈ ಎತ್ತುವುದು, "ನಾನಿಲ್ಲದಿದ್ರೂ ನಡೆಯುತ್ತೆ ಬಿಡಿ" ಅಂತ ಹೇಳುವುದು, ಇದ್ದಕ್ಕಿದ್ದಂತೆ ಬ್ಯಾಂಕ್ ಪಾಸ್‌ಬುಕ್ಕು, ಕಾಗದ ಪತ್ರ ಒಪ್ಪಿಸಲು ಶುರು ಮಾಡುವುದು. ಇವು ಸಿಗರೇಟ್ ಬಿಟ್ಟವರ ಮಾಮೂಲಿ ಸಿಡುಕಲ್ಲ.

ನೇರವಾಗಿ ಕೇಳಿ: "ಸಾಯಬೇಕು ಅಂತ ಅನ್ನಿಸ್ತಿದ್ಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅನ್ನುವ ಭಯ ಬೇಡ. ಹಾಗಾಗುವುದಿಲ್ಲ. ಎಷ್ಟೋ ಜನ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತಾರೆ.

ಹಾಗೇನಾದರೂ ಕಂಡರೆ ಏನು ಮಾಡಬೇಕು?

ಮಾತ್ರೆ ಅಲ್ಲಿಗೇ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ತಿಳಿಸಿ. ಇದು ಸಿಗರೇಟ್ ಬಿಡಿಸುವ ಮಾತ್ರೆಗೆ ಮಾತ್ರ ಹೇಳಿದ್ದು. ಖಿನ್ನತೆಗೆ, ಬೇರೆ ಕಾಯಿಲೆಗೆ ತಗೊಳ್ಳುವ ಔಷಧಿಗಳನ್ನು ಹಾಗೆ ನಿಲ್ಲಿಸಬಾರದು. ಮಾತ್ರೆ ನಿಲ್ಲಿಸಿದ ಮಾತ್ರಕ್ಕೆ ಸಿಗರೇಟ್ ಮತ್ತೆ ಹಚ್ಚಬೇಕಾಗಿಲ್ಲ, ಬೇರೆ ದಾರಿಗಳಿವೆ. ನಿಲ್ಲಿಸಿದ ಮೇಲೂ ಕೆಲವು ದಿನ ನಿಗಾ ಇರಲಿ.

ಸಾಯುವ ಮಾತು ಬಂದಿದ್ದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಪಾಯ ಎದುರಿಗಿದ್ದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಇಷ್ಟೆಲ್ಲ ಯಾಕೆ? ಮಾತ್ರೆಯೇ ಬೇಡ, ಮನಸ್ಸು ಗಟ್ಟಿ ಮಾಡಿ ಬಿಡಬಾರದಾ?

ಬಿಡುವವರಿದ್ದಾರೆ. ಅವರಿಗೆ ಕೈಮುಗಿಯುತ್ತೇನೆ. ಆದರೆ ಈಗಲ್ಸ್‌ನಲ್ಲಿ ಒಂಬತ್ತರಿಂದ ಹನ್ನೆರಡನೇ ವಾರದವರೆಗೆ ಪೂರ್ತಿ ಸಿಗರೇಟ್ ಬಿಟ್ಟವರು ಸಕ್ಕರೆ ಮಾತ್ರೆಯಲ್ಲಿ ನೂರಕ್ಕೆ 12 ಅಥವಾ 13, ಪ್ಯಾಚ್ ಮತ್ತು ಬುಪ್ರೊಪಿಯಾನ್‌ನಲ್ಲಿ ಸುಮಾರು 23, ವರೆನಿಕ್ಲಿನ್‌ನಲ್ಲಿ 33. ಮೂರು ಸಲ ಬಿಟ್ಟು ಮೂರು ಸಲವೂ ಶುರು ಮಾಡಿದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅಣ್ಣ ನಾಲ್ಕನೇ ಸಲಕ್ಕೆ ಬಿಟ್ಟದ್ದು. ಆಪ್ತಸಮಾಲೋಚನೆಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ತಂಬಾಕು ಬಿಡುವವರಿಗೆಂದೇ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-112-356. ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದರ ಒಂದು ಕೇಂದ್ರ. ಬೀಡಿ, ಗುಟ್ಕಾ, ಹೊಗೆಸೊಪ್ಪಿನವರೂ ಇಲ್ಲಿಗೆ ಫೋನ್ ಮಾಡಬಹುದು.

ಸಿಗರೇಟೇ ನನ್ನ ಟೆನ್ಷನ್‌ಗೆ ಮದ್ದು. ಬಿಟ್ಟರೆ ಮನಸ್ಸು ಕಾಯಂ ಹಾಳಾಗುವುದಿಲ್ವಾ?

ಕೌಂಟರ್‌ನಲ್ಲಿ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಸಿಗರೇಟ್ ಹಚ್ಚಿದಾಗ ಹಾಯೆನಿಸುವುದು ನಿಜ. ಆದರೆ ಆ ಟೆನ್ಷನ್‌ನಲ್ಲಿ ಒಂದು ಪಾಲು ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದದ್ದರಿಂದಲೇ ಬಂದದ್ದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿ ಬಂತು. ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಕಮ್ಮಿಯಾಗಿದ್ದವು. ಮೊದಲೇ ಮಾನಸಿಕ ಕಾಯಿಲೆ ಇದ್ದವರಲ್ಲೂ ಹಾಗೇ.

ನಮ್ಮ ಅತ್ತಿಗೆಯ ಕ್ಯಾಲೆಂಡರ್‌ನಲ್ಲಿ ಎರಡನೇ ತಿಂಗಳ ಕೊನೆಯ ವಾರ ಏಳಕ್ಕೆ ಏಳೂ ಚುಕ್ಕೆ. ಮೂರನೇ ತಿಂಗಳಲ್ಲಿ ಬರೆಯುವುದನ್ನೇ ಮರೆತಿದ್ದಾರೆ, ಹಾಲಿನ ಲೆಕ್ಕ ಮಾತ್ರ ಇದೆ.